ಲಾರ್ಸನ್ ಅವರ ಕಾರ್ಡಿನಲ್ಲಿ ಆ ಒಂದು ದಿನವನ್ನು ಹೇಗೆ ಬರೆಯಬೇಕು?

ಪ್ರಶ್ನೆ | ಸಪ್ತಾಪುರ, ಧಾರವಾಡ

ನಮಸ್ಕಾರ. ಕಳೆದ ಮಳೆಗಾಲದಿಂದ ನಮ್ಮ ಮನೆಯಲ್ಲಿ ಪ್ರತಿ ರವಿವಾರ ಸಂಜೆ ದಾಳದ ಬೇಸ್‌ಬಾಲ್ ನಡೆಯುತ್ತಿದೆ. ನಾನು, ಹೈಸ್ಕೂಲಿನಲ್ಲಿ ಓದುವ ನನ್ನ ಮಗಳು ಮತ್ತು ಅವಳ ಇಬ್ಬರು ಗೆಳತಿಯರು ಸೇರಿ ಹಳೆಯ ಆಟಗಾರರ ಕಾರ್ಡುಗಳನ್ನು ನಾವೇ ತಯಾರಿಸಿ ಆಡುತ್ತೇವೆ. ಅಮೆರಿಕದ ಹಾಲ್ ರಿಚ್‌ಮನ್ 1961ರಲ್ಲಿ ಮಾರಾಟಕ್ಕೆ ತಂದ ಸ್ಟ್ರಾಟ್-ಒ-ಮ್ಯಾಟಿಕ್ ಆಟದ ಕ್ರಮವನ್ನೇ ಅನುಸರಿಸಿದ್ದೇವೆ. ಒಮ್ಮೆಗೆ ಮೂರು ದಾಳ ಉರುಳಿಸುತ್ತೇವೆ. ಬಿಳಿಯ ದಾಳದಲ್ಲಿ 1, 2 ಅಥವಾ 3 ಬಿದ್ದರೆ ಬ್ಯಾಟರ್‌ನ ಕಾರ್ಡನ್ನೂ 4, 5 ಅಥವಾ 6 ಬಿದ್ದರೆ ಪಿಚರ್‌ನ (ಚೆಂಡು ಎಸೆಯುವವನ) ಕಾರ್ಡನ್ನೂ ನೋಡಬೇಕು. ಉಳಿದೆರಡು ದಾಳಗಳ ಮೊತ್ತ ಆ ಕಾರ್ಡಿನ ಯಾವ ಸಾಲನ್ನು ಓದಬೇಕೆಂದು ಹೇಳುತ್ತದೆ.

ತೊಡಕು ಬಂದದ್ದು ಡಾನ್ ಲಾರ್ಸನ್ ಅವರ ಕಾರ್ಡಿನಲ್ಲಿ. 1956ರ ಅಕ್ಟೋಬರ್ 8ರಂದು, ಅಮೆರಿಕದ ಬೇಸ್‌ಬಾಲ್ ಋತುವಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ನ ಐದನೆಯ ಪಂದ್ಯದಲ್ಲಿ, ಯಾಂಕೀಸ್ ತಂಡದ ಈ ಪಿಚರ್ ಬ್ರೂಕ್ಲಿನ್ ಡಾಡ್ಜರ್ಸ್‌ನ 27 ಬ್ಯಾಟರ್‌ಗಳನ್ನೂ ಒಬ್ಬರೂ ಮೊದಲ ಬೇಸ್ ಮುಟ್ಟದಂತೆ ಸಾಲಾಗಿ ಔಟ್ ಮಾಡಿದರು. ಅದಕ್ಕೆ ಅವರು ಬಳಸಿದ್ದು 97 ಎಸೆತಗಳನ್ನು ಮಾತ್ರ. ಈ ಕಥೆಯನ್ನು ಹುಡುಗಿಯರಿಗೆ ಹೇಳಿಯೇ ನಾನು ಕಾರ್ಡನ್ನು ಅವರ ಕೈಗಿತ್ತೆ. ಆದರೆ 1956ರ ಋತುವಿನ ಅಂಕಿಗಳಿಂದ ಮಾಡಿದ ಆ ಕಾರ್ಡು ಮೊದಲ ಇನ್ನಿಂಗ್ಸ್‌ನಲ್ಲಿಯೇ ಎರಡು ಹಿಟ್ (ಬ್ಯಾಟರ್ ಚೆಂಡು ಬಾರಿಸಿ ಬೇಸ್ ಸೇರುವುದು) ಕೊಟ್ಟಿತು. “ಅವತ್ತು ಯಾರಿಗೂ ಒಂದೂ ಹಿಟ್ ಕೊಟ್ಟಿಲ್ಲ ಅಂದಿದ್ರಿ, ಇಲ್ಲಿ ಯಾಕ ಹೀಂಗ?” ಎಂದು ಮಗಳು ಕೇಳಿದಾಗ ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ಆ ರಾತ್ರಿ ಕಾರ್ಡಿನಲ್ಲಿದ್ದ ಸಿಂಗಲ್‌ಗಳಲ್ಲಿ (ಒಂದೇ ಬೇಸ್‌ನ ಹಿಟ್‌ಗಳಲ್ಲಿ) ಹಲವನ್ನು ಅಳಿಸಿ ಔಟ್ ಎಂದು ತಿದ್ದಿದೆ. ತಿದ್ದಿದ ಮೇಲೆ ಅದು ಲಾರ್ಸನ್ ಅವರ ಕಾರ್ಡು ಅನ್ನಿಸುತ್ತಿಲ್ಲ, ತಿದ್ದದಿದ್ದರೆ ಆ ದಿನ ಅದರಲ್ಲಿ ಕಾಣುತ್ತಿಲ್ಲ. ಇಡೀ ವರ್ಷದ ಸರಾಸರಿಯ ಮೇಲೆ ನಿಂತ ಕಾರ್ಡಿನಲ್ಲಿ ಒಂದೇ ಮಧ್ಯಾಹ್ನದ ಸಾಧನೆಯನ್ನು ಕಾಣಿಸುವುದು ಹೇಗೆ? ಇಂತಹ ಕಾರ್ಡುಗಳನ್ನು ಮಾಡಿ ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1 | ವಿದ್ಯಾನಗರ, ಹುಬ್ಬಳ್ಳಿ

ತಿದ್ದಿದ್ದನ್ನು ಮೊದಲಿನಂತೆಯೇ ಮಾಡಿರಿ ಎಂಬುದು ನನ್ನ ವಿನಂತಿ. ಅದಕ್ಕೆ ಕಾರಣ ಲೆಕ್ಕದಲ್ಲಿಯೇ ಇದೆ.

ಎರಡು ದಾಳಗಳಿಗೆ 36 ಬಗೆಯ ಫಲಗಳಿವೆ. ಬಿಳಿಯ ದಾಳದ ಒಂದೊಂದು ಅಂಕಿಗೆ ಒಂದರಂತೆ ಒಂದು ಕಾರ್ಡಿಗೆ ಮೂರು ಕಂಬಗಳಿರುವುದರಿಂದ 108 ಅವಕಾಶಗಳಾಗುತ್ತವೆ. ಬ್ಯಾಟರ್ ಮತ್ತು ಪಿಚರ್ ಇಬ್ಬರ ಕಾರ್ಡುಗಳೂ ಸೇರಿದರೆ 216. ಸಾಮಾನ್ಯ ಪಂದ್ಯವೊಂದರಲ್ಲಿ ಪ್ರತಿ ಬ್ಯಾಟರ್ 100ಕ್ಕೆ 70 ಬಾರಿ ಔಟ್ ಆಗುತ್ತಾರೆಂದು ಹಿಡಿಯಿರಿ, ಅದೂ ಪಿಚರ್‌ನ ಪರವಾದ ಅಂದಾಜೇ. ಆಗ 27 ಜನ ಸಾಲಾಗಿ ಔಟ್ ಆಗುವ ಸಂಭವ ಸುಮಾರು 15,000ಕ್ಕೆ ಒಂದು. ಇನ್ನು ಲಾರ್ಸನ್ ಅವರ ಕಾರ್ಡಿನ 108 ಜಾಗಗಳನ್ನೂ ನೀವು ಔಟ್ ಎಂದೇ ಬರೆದಿರೆಂದುಕೊಳ್ಳೋಣ. ಅರ್ಧದಷ್ಟು ಸಲ ದಾಳ ನಿಮ್ಮನ್ನು ಡಾಡ್ಜರ್ಸ್ ಬ್ಯಾಟರ್‌ನ ಕಾರ್ಡಿಗೆ ಕಳಿಸಿಯೇ ಕಳಿಸುತ್ತದೆ, ಅಲ್ಲಿ ಮೂರರಲ್ಲಿ ಒಂದು ಪಾಲು ಬೇಸ್ ತಲುಪುವ ಫಲಗಳಿರುತ್ತವೆ. ಹಾಗಾಗಿ ಒಟ್ಟಾರೆ ಔಟ್ ಪ್ರಮಾಣ 100ಕ್ಕೆ 83ರ ಆಸುಪಾಸಿನಲ್ಲಿಯೇ ನಿಲ್ಲುತ್ತದೆ, 27 ಜನರೂ ಸಾಲಾಗಿ ಔಟ್ ಆಗುವ ಪರಿಪೂರ್ಣ ಪಂದ್ಯ ಆಗಲೂ 150 ಪಂದ್ಯಗಳಿಗೊಮ್ಮೆ ಮಾತ್ರ ಬರುತ್ತದೆ. ಕಾರ್ಡನ್ನು ಎಷ್ಟು ತಿದ್ದಿದರೂ ಆ ಮಧ್ಯಾಹ್ನ ನಿಮ್ಮ ಮೇಜಿನ ಮೇಲೆ ಹೇಳಿದಂತೆ ಮೂಡಲಾರದು. ಕೆಡುವುದು ಆ ಕಾರ್ಡಿನ ಉಳಿದೆಲ್ಲ ಪಂದ್ಯಗಳ ಸತ್ಯ.

ಲಾರ್ಸನ್ ಯಾರೆಂಬುದನ್ನು ಮಗಳಿಗೆ ಪೂರ್ತಿಯಾಗಿ ಹೇಳಿರಿ. 1954ರಲ್ಲಿ ಬಾಲ್ಟಿಮೋರ್ ತಂಡದಲ್ಲಿದ್ದಾಗ ಅವರ ಹೆಸರಿಗೆ 3 ಗೆಲುವು ಮತ್ತು 21 ಸೋಲು ಇದ್ದವು. ವೃತ್ತಿಜೀವನದ ಒಟ್ಟು ಲೆಕ್ಕ 81 ಗೆಲುವು, 91 ಸೋಲು. ಅದೇ ಸರಣಿಯ ಎರಡನೆಯ ಪಂದ್ಯದಲ್ಲಿ, ಎಂದರೆ ಕೇವಲ ಮೂರು ದಿನ ಮುಂಚೆ, ತಂಡ 6-0 ಮುನ್ನಡೆ ಕೊಟ್ಟಿದ್ದರೂ ನಾಲ್ವರಿಗೆ ನಡಿಗೆ (ತಪ್ಪು ಎಸೆತಗಳಿಂದ ಪುಕ್ಕಟೆಯಾಗಿ ಸಿಗುವ ಮೊದಲ ಬೇಸ್) ಬಿಟ್ಟುಕೊಟ್ಟು ಎರಡನೆಯ ಇನ್ನಿಂಗ್ಸ್ ಮುಗಿಸಲಾಗದೆ ಅವರು ಹೊರನಡೆಯಬೇಕಾಯಿತು. ಆ ಮನುಷ್ಯನಿಂದ ಆ ದಿನ ಅದು ಸಾಧ್ಯವಾಯಿತು ಎಂಬುದೇ ನನ್ನನ್ನು ಇಂದಿಗೂ ಬೆರಗಾಗಿಸುತ್ತದೆ. ನಿಮ್ಮ ಸಾಧಾರಣ ಕಾರ್ಡು ಈ ಬೆರಗನ್ನು ಉಳಿಸುತ್ತದೆ, ತಿದ್ದಿದ ಕಾರ್ಡು ಅಳಿಸಿಬಿಡುತ್ತದೆ.

ಇದರ ಎದುರು ಬ್ಯಾಟರ್ ಟೆಡ್ ವಿಲಿಯಮ್ಸ್ ಅವರ 1941ರ ಕಾರ್ಡನ್ನು ಮಾಡಿ ನೋಡಿರಿ. 456 ಸರದಿಗಳಲ್ಲಿ 185 ಹಿಟ್, ಸರಾಸರಿ .406; ನಡಿಗೆಗಳನ್ನೂ ಸೇರಿಸಿದರೆ 100ಕ್ಕೆ 55 ಬಾರಿ ಅವರು ಬೇಸ್ ಮುಟ್ಟಿದ್ದಾರೆ. 216ರಲ್ಲಿ ಇದು ಸುಮಾರು 119 ಆಗುತ್ತದೆ. ಸರಾಸರಿ ಪಿಚರ್‌ನ ಕಾರ್ಡು ಅದರಲ್ಲಿ 37ರಷ್ಟನ್ನು ಕೊಡುವುದರಿಂದ ಉಳಿದ 82 ಫಲಗಳನ್ನು ವಿಲಿಯಮ್ಸ್ ಅವರ 108 ಜಾಗಗಳಲ್ಲಿಯೇ ತುಂಬಬೇಕಾಗುತ್ತದೆ. ಮೊತ್ತ 7 ಬರುವ ಸಾಲಿಗೆ 6 ಪಾಲು, 2 ಮತ್ತು 12ರ ಸಾಲುಗಳಿಗೆ ಒಂದೊಂದೇ ಪಾಲು ಎಂಬುದನ್ನು ನೆನಪಿಟ್ಟು ಹಂಚಿದರೆ, ಮುಗಿದ ಕಾರ್ಡಿನಲ್ಲಿ ಔಟ್ ಎಂಬ ಪದವನ್ನು ಹುಡುಕಬೇಕಾಗುತ್ತದೆ. ಋತುವಿನ ಕಾರ್ಡು ಆಟಗಾರನನ್ನು ತೋರಿಸುವ ಬಗೆ ಇದು.

ಉತ್ತರ 2 | ಗದಗ

ಮೇಲಿನ ಲೆಕ್ಕವನ್ನು ಒಪ್ಪುತ್ತೇನೆ. ಆದರೂ ಪ್ರಶ್ನೆ ಕೇಳಿದವರ ಮನಸ್ಸಿನ ಕೊರತೆ ಅದರಿಂದ ತುಂಬಿಲ್ಲ. ಗದಗಿನವನಾದ ನನಗೆ ಅದು ಚೆನ್ನಾಗಿ ಅರ್ಥವಾಗುತ್ತದೆ. ನಮ್ಮೂರಿನ ಸುನಿಲ್ ಜೋಶಿಯವರು 69 ಏಕದಿನ ಪಂದ್ಯಗಳಲ್ಲಿ 69 ವಿಕೆಟ್ ಪಡೆದರು ಎಂಬ ಅಂಕಿಯಿಂದ ಕಾರ್ಡು ಮಾಡಿದರೆ ಪಂದ್ಯಕ್ಕೊಂದು ವಿಕೆಟ್ ಪಡೆಯುವ ಬೌಲರ್ ಕಾಣುತ್ತಾರೆ. 1999ರ ಸೆಪ್ಟೆಂಬರ್ 26ರಂದು ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ 10 ಓವರ್‌, 6 ಮೇಡನ್, 6 ರನ್, 5 ವಿಕೆಟ್ ಎಂದು ಬರೆಸಿಕೊಂಡ ಜೋಶಿಯವರು ಆ ಕಾರ್ಡಿನಲ್ಲಿಲ್ಲ. ನಮ್ಮ ಓಣಿಯಲ್ಲಿ ಇಂದಿಗೂ ಹೇಳಿಕೊಳ್ಳುವುದು ಆ 6 ರನ್ನುಗಳ ಮಾತನ್ನೇ.

ಆದ್ದರಿಂದ ನಾನು ಎರಡು ಜಾತಿಯ ಕಾರ್ಡುಗಳನ್ನು ಮಾಡುತ್ತೇನೆ. ಒಂದು ಋತುವಿನ ಕಾರ್ಡು, ಇನ್ನೊಂದು ಗಳಿಗೆಯ ಕಾರ್ಡು. ಗಳಿಗೆಯ ಕಾರ್ಡಿನಲ್ಲಿ ಆಟಗಾರನ ಬಲವನ್ನು ನಾನು ಹೆಚ್ಚಿಸುವುದಿಲ್ಲ. ಅವನು ನಿಂತಿದ್ದ ಜಾಗವನ್ನಷ್ಟೇ ಬರೆಯುತ್ತೇನೆ: ಯಾವ ಇನ್ನಿಂಗ್ಸ್, ಎಷ್ಟು ಔಟ್, ಯಾವ ಬೇಸ್‌ನಲ್ಲಿ ಯಾರು, ಸ್ಕೋರ್ ಎಷ್ಟು, ಎದುರಿನ ಪಿಚರ್ ಯಾರು. ಅಲ್ಲಿಂದ ಮುಂದಿನದು ದಾಳಕ್ಕೆ ಬಿಟ್ಟದ್ದು.

ನನ್ನ ಮೊದಲ ಗಳಿಗೆಯ ಕಾರ್ಡು ಬಿಲ್ ಮಾಜೆರೋಸ್ಕಿಯವರದು. 1960ರ ಅಕ್ಟೋಬರ್ 13, ಪಿಟ್ಸ್‌ಬರ್ಗ್‌ನ ಫೋರ್ಬ್ಸ್ ಫೀಲ್ಡ್, ವರ್ಲ್ಡ್ ಸೀರೀಸ್‌ನ ಏಳನೆಯ ಮತ್ತು ಕೊನೆಯ ಪಂದ್ಯ, ಒಂಬತ್ತನೆಯ ಇನ್ನಿಂಗ್ಸ್‌ನ ಕೆಳಭಾಗ (ಎರಡನೆಯ ತಂಡ ಬ್ಯಾಟ್ ಮಾಡುವ ಅರ್ಧ), ಸ್ಕೋರ್ 9-9, ಬೇಸ್‌ಗಳು ಖಾಲಿ, ಎಸೆಯುತ್ತಿರುವವರು ರಾಲ್ಫ್ ಟೆರಿ. ಆ ಸರಣಿಯಲ್ಲಿ ಯಾಂಕೀಸ್ ಒಟ್ಟು 55 ರನ್ ಗಳಿಸಿದ್ದರೆ ಪೈರೇಟ್ಸ್ ಗಳಿಸಿದ್ದು 27. ಆದರೂ ಗೆದ್ದದ್ದು ಪೈರೇಟ್ಸ್, ಮಾಜೆರೋಸ್ಕಿಯವರ ಆ ಒಂದು ಹೋಮ್ ರನ್‌ನಿಂದ (ಎಲ್ಲ ಬೇಸ್‌ಗಳನ್ನೂ ಸುತ್ತಿ ರನ್ ತರುವ ಹೊಡೆತದಿಂದ). ಕ್ಷೇತ್ರರಕ್ಷಣೆಗೆ ಹೆಸರಾಗಿದ್ದ ಅವರು ಆ ವರ್ಷ 538 ಸರದಿಗಳಲ್ಲಿ ಬಾರಿಸಿದ್ದು 11 ಹೋಮ್ ರನ್‌ಗಳನ್ನು. ನನ್ನ ಕಾರ್ಡಿನಲ್ಲಿಯೂ 216ಕ್ಕೆ 4ರಷ್ಟೇ ಅವಕಾಶವಿದೆ. ಆ ದೃಶ್ಯವನ್ನು ಜೋಡಿಸಿ ಮಕ್ಕಳ ಕೈಗೆ ದಾಳ ಕೊಟ್ಟಾಗ ಅವರು ಉಸಿರು ಬಿಗಿಹಿಡಿಯುತ್ತಾರೆ. ಹೆಚ್ಚಿನ ಸಲ ಅದು ಬರುವುದಿಲ್ಲ, ಪಂದ್ಯ ಹತ್ತನೆಯ ಇನ್ನಿಂಗ್ಸ್‌ಗೆ ಹೋಗುತ್ತದೆ, ಆಗ ನಿಜವಾಗಿ ಅಂದು ನಡೆದದ್ದು ಎಷ್ಟು ದೊಡ್ಡದೆಂದು ಅವರಿಗೇ ಹೊಳೆಯುತ್ತದೆ.

ಕೆಲವೊಮ್ಮೆ ಒಂದು ಹೊಸ ನಿಯಮವೂ ಬೇಕಾಗುತ್ತದೆ. 1988ರ ಅಕ್ಟೋಬರ್ 15ರಂದು ಎರಡೂ ಕಾಲು ನೊಂದಿದ್ದ ಕರ್ಕ್ ಗಿಬ್ಸನ್ ಅವರು ಒಂಬತ್ತನೆಯ ಇನ್ನಿಂಗ್ಸ್‌ನಲ್ಲಿ, ಎರಡು ಔಟ್ ಆಗಿ ಓಕ್‌ಲ್ಯಾಂಡ್ 4-3ರಿಂದ ಮುಂದಿದ್ದಾಗ, ಡೆನಿಸ್ ಎಕರ್‌ಸ್ಲೀ ಅವರ ಎದುರು ಬದಲಿ ಬ್ಯಾಟರ್ ಆಗಿ ಬಂದು ಹೋಮ್ ರನ್ ಬಾರಿಸಿ ಪಂದ್ಯ ಗೆಲ್ಲಿಸಿದರು. ಆ ಸರಣಿಯಲ್ಲಿ ಅವರು ಮತ್ತೆ ಬ್ಯಾಟ್ ಹಿಡಿಯಲಿಲ್ಲ. ಹೀಗಾಗಿ ಆ ಕಾರ್ಡಿನಲ್ಲಿ “ಒಂದೇ ಸರದಿ, ಯಾವ ಹಿಟ್ ಬಂದರೂ ಮೊದಲ ಬೇಸ್‌ನಲ್ಲಿ ನಿಲ್ಲಬೇಕು, ಹೋಮ್ ರನ್ ಮಾತ್ರ ಹೊರತು” ಎಂದು ಬರೆದಿದ್ದೇನೆ. ಲಾರ್ಸನ್ ಅವರಿಗಾದರೆ ಒಂಬತ್ತನೆಯ ಇನ್ನಿಂಗ್ಸ್‌ನಿಂದ ಆರಂಭಿಸಿರಿ: 24 ಜನ ಔಟ್ ಆಗಿದ್ದಾರೆ, ಯಾಂಕೀಸ್ 2-0 ಮುಂದಿದೆ, ಇನ್ನು ಮೂವರು. ಮೂವರನ್ನು ಸಾಲಾಗಿ ಔಟ್ ಮಾಡುವ ಸಂಭವ ಮೂರರಲ್ಲಿ ಒಂದಕ್ಕೆ ಹತ್ತಿರವಾದುದರಿಂದ ಮಕ್ಕಳು ಆ ಕೊನೆಯ ಔಟನ್ನು ಒಮ್ಮೆಯಾದರೂ ಕಾಣುತ್ತಾರೆ.

ಉತ್ತರ 3 | ಹಾವೇರಿ

ಹಿಂದಿನ ಇಬ್ಬರೂ ಅಂಕಿಗಳು ಸಿಗುವ ಆಟಗಾರರ ಮಾತನ್ನೇ ಆಡಿದ್ದಾರೆ. ಅಂಕಿಗಳನ್ನು ಯಾರೂ ಸರಿಯಾಗಿ ಬರೆದಿಡದ ಆಟಗಾರರ ಕಾರ್ಡುಗಳನ್ನೂ ಮಾಡಿರೆಂದು ಕೇಳಿಕೊಳ್ಳುತ್ತೇನೆ. ಕಪ್ಪು ಆಟಗಾರರನ್ನು ದೊಡ್ಡ ಲೀಗ್‌ಗಳ ಹೊರಗಿಟ್ಟಿದ್ದ ಕಾಲದಲ್ಲಿ ಜಾಶ್ ಗಿಬ್ಸನ್ ನೀಗ್ರೋ ಲೀಗ್‌ಗಳಲ್ಲಿ ಆಡಿದ ಕ್ಯಾಚರ್ (ಬ್ಯಾಟರ್‌ನ ಹಿಂದೆ ಕುಳಿತು ಪಿಚರ್‌ನ ಎಸೆತ ಹಿಡಿಯುವವರು). ಅವರು 1947ರ ಜನವರಿಯಲ್ಲಿ, 35ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮೂರು ತಿಂಗಳೂ ಕಳೆಯುವ ಮೊದಲೇ, ಏಪ್ರಿಲ್ 15ರಂದು, ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಪರವಾಗಿ ಮೈದಾನಕ್ಕಿಳಿದು ಆ ಗೋಡೆಯನ್ನು ಒಡೆದರು. ಗಿಬ್ಸನ್ ಅವರ .372 ಸರಾಸರಿಯನ್ನು ಮೇಜರ್ ಲೀಗ್ ದಾಖಲೆಯಾಗಿ ಒಪ್ಪಿಕೊಂಡದ್ದು 2024ರಲ್ಲಿ.

ಅವರ ಲೀಗ್ ಪಂದ್ಯಗಳು ವರ್ಷಕ್ಕೆ 154 ಇರಲಿಲ್ಲ, ಬಹಳ ಕಡಿಮೆ ಇದ್ದವು. ಒಂದೇ ಋತುವಿನಿಂದ ಕಾರ್ಡು ಮಾಡಿದರೆ ಅಂಕಿ ಅತಿಯಾಗಿ ಏರುತ್ತದೆ ಅಥವಾ ಇಳಿಯುತ್ತದೆ. ನಾನು ನಾಲ್ಕೈದು ಋತುಗಳನ್ನು ಕೂಡಿಸಿ ಒಂದು ಕಾರ್ಡು ಮಾಡಿದ್ದೇನೆ, ಅದು ಹೆಚ್ಚು ನಂಬಿಕೆಗೆ ಅರ್ಹವೆನಿಸಿದೆ.

ಗದಗಿನವರ ಗಳಿಗೆಯ ಕಾರ್ಡು ನನಗೆ ಇಷ್ಟವಾಯಿತು, ಆದರೆ ಅದರಲ್ಲಿಯೂ ಎಲ್ಲವೂ ಹಿಡಿಯುವುದಿಲ್ಲ. ರಾಬಿನ್ಸನ್ ಅವರ 1947ರ ಕಾರ್ಡಿನಲ್ಲಿ .297 ಸರಾಸರಿ ಮತ್ತು 29 ಕದ್ದ ಬೇಸ್‌ಗಳು (ಹಿಟ್‌ನ ನೆರವಿಲ್ಲದೆ ಓಡಿ ಗಳಿಸಿದ ಬೇಸ್‌ಗಳು) ಬರುತ್ತವೆ. ಗ್ಯಾಲರಿಯಿಂದ ಬಂದ ಬೈಗುಳಗಳನ್ನು ನುಂಗಿಕೊಂಡು ಅವರು ಆ ಅಂಕಿಗಳನ್ನು ಗಳಿಸಿದರೆಂಬುದನ್ನು ಯಾವ ದಾಳವೂ ಹೇಳದು. ರಾಬರ್ಟೊ ಕ್ಲೆಮೆಂಟೆ ಅವರ 3,000 ಹಿಟ್‌ಗಳು ಕಾರ್ಡಿಗೆ ಬರುತ್ತವೆ. ಭೂಕಂಪಕ್ಕೆ ತುತ್ತಾದ ನಿಕರಾಗುವಾದ ಜನರಿಗೆ ನೆರವು ಒಯ್ಯುತ್ತಿದ್ದ ವಿಮಾನ 1972ರ ಡಿಸೆಂಬರ್ 31ರಂದು ಬಿದ್ದು ಅವರು ತೀರಿಕೊಂಡದ್ದು ಬರುವುದಿಲ್ಲ. ಕಾರ್ಡಿನ ಹಿಂಬದಿಯನ್ನು ಖಾಲಿ ಬಿಡದೆ ಅಲ್ಲಿ ಇದನ್ನು ನಾಲ್ಕು ಸಾಲುಗಳಲ್ಲಿ ಕನ್ನಡದಲ್ಲಿ ಬರೆಯಿರಿ. ಗಳಿಗೆಯ ಕಾರ್ಡಿನ ಅಂಚಿಗೆ ನಾನು ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಕೆಂಪನ್ನು ಹಚ್ಚುತ್ತೇನೆ, ಹೀಗಾಗಿ ಎರಡು ಕಟ್ಟುಗಳು ಬೆರೆಯುವುದಿಲ್ಲ.

ಪ್ರಶ್ನೆ ಕೇಳಿದವರಿಂದ | ಧಾರವಾಡ

ಮೂವರಿಗೂ ಮನಃಪೂರ್ವಕ ವಂದನೆಗಳು. ಲಾರ್ಸನ್ ಅವರ ಋತುವಿನ ಕಾರ್ಡನ್ನು ಮೂಲ ಅಂಕಿಗಳಿಗೆ ಮರಳಿಸಿದ್ದೇನೆ, 1954ರ 21 ಸೋಲುಗಳನ್ನು ಹಿಂಬದಿಯಲ್ಲಿ ಮಗಳೇ ಬರೆದಿದ್ದಾಳೆ. ಒಂಬತ್ತನೆಯ ಇನ್ನಿಂಗ್ಸ್‌ನ ಗಳಿಗೆಯ ಕಾರ್ಡನ್ನು ನಿನ್ನೆ ಐದು ಬಾರಿ ಆಡಿದೆವು. ನಾಲ್ಕನೆಯ ಬಾರಿ ಮೂವರೂ ಔಟ್ ಆದರು. ಕೊನೆಯ ಬ್ಯಾಟರ್ ಡೇಲ್ ಮಿಚೆಲ್ ಅವರಿಗೆ ಅಂದಿನಂತೆಯೇ ಸ್ಟ್ರೈಕ್‌ಔಟ್ (ಚೆಂಡು ಬಾರಿಸಲಾಗದೆ ಔಟ್) ಬಿದ್ದಾಗ ಹುಡುಗಿಯರು ಎದ್ದು ನಿಂತು ಚಪ್ಪಾಳೆ ತಟ್ಟಿದರು, ಕ್ಯಾಚರ್ ಯೋಗಿ ಬೆರ್ರಾ ಅವರ ಕಾರ್ಡನ್ನು ಲಾರ್ಸನ್ ಅವರ ಕಾರ್ಡಿನ ಮೇಲೆ ತಂದಿಟ್ಟರು. ಜಾಶ್ ಗಿಬ್ಸನ್ ಅವರ ಕಾರ್ಡಿಗೆ ಯಾವ ಯಾವ ಋತುಗಳನ್ನು ಕೂಡಿಸಿದ್ದೀರೆಂದು ಹಾವೇರಿಯವರು ತಿಳಿಸಿದರೆ ಬರುವ ರವಿವಾರದೊಳಗೆ ಅದನ್ನೂ ಸಿದ್ಧಪಡಿಸುತ್ತೇವೆ.