ಸೊಂಟನೋವು ಕಮ್ಮಿಯಾದರೂ ಬಗ್ಗಲು ಭಯ, ಯಾಕೆ?

ಪ್ರಶ್ನೆ: ಮೇಡಂ, ಎರಡು ವರ್ಷದ ಹಿಂದೆ ಬಕೆಟ್ ಎತ್ತುವಾಗ ಸೊಂಟ ಹಿಡಿದುಕೊಂಡಿತು. ಈಗ ನೋವು ಆಗಿನಷ್ಟಿಲ್ಲ. ಆದರೂ ನೆಲಕ್ಕೆ ಬಿದ್ದ ಪೆನ್ ಎತ್ತಲು ಮಗನನ್ನು ಕರೆಯುತ್ತೇನೆ. ಬಗ್ಗಿದರೆ ಒಳಗೆ ಏನೋ ಕಳಚಿಬಿಡುತ್ತದೆ ಅನ್ನಿಸುತ್ತದೆ. ಸ್ಕ್ಯಾನ್‌ನಲ್ಲಿ ಬೆನ್ನುಮೂಳೆಗಳ ನಡುವಿನ ಡಿಸ್ಕ್ ಸವೆದಿದೆ ಎಂದು ಬಂದಿದೆ. ಅಪಾಯವೇನಿಲ್ಲ, ಓಡಾಡಿ ಅಂತಾರೆ ಡಾಕ್ಟರ್. ಮೆಟ್ಟಿಲು ಹತ್ತಿದರೆ ಮಾತ್ರ ಸುಸ್ತೋ ಸುಸ್ತು.

ಫಿಸಿಯೋಥೆರಪಿಸ್ಟ್: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಈಗ ನಿಮ್ಮ ಕೆಲಸ ನಿಲ್ಲಿಸುತ್ತಿರುವುದು ನೋವಿಗಿಂತ ಹೆಚ್ಚಾಗಿ ನೋವಿನ ಭಯ.

ನೋವಿಲ್ಲದವರು ಪೂರ್ತಿ ಬಗ್ಗಿದಾಗ ಕೊನೆಯಲ್ಲಿ ಬೆನ್ನಿನ ಸ್ನಾಯುಗಳು ತಾವಾಗಿಯೇ ಸಡಿಲ ಬಿಡುತ್ತವೆ. ಹೆದರಿ ಬಗ್ಗುವವರಲ್ಲಿ ಅವು ಬಿಗಿಯಾಗಿಯೇ ಇರುತ್ತವೆ. ಉಸಿರು ಹಿಡಿದು, ಮೊಣಕಾಲಿಗೆ ಕೈ ಊರಿ, ಬೆನ್ನನ್ನು ಹಲಗೆ ಮಾಡಿಕೊಂಡು ಬಗ್ಗುತ್ತೀರಿ, ಅಲ್ವಾ? ಹಾಗೆ ಬಿಗಿಹಿಡಿದ ಸ್ನಾಯು ದಣಿದು ನೋಯುತ್ತದೆ. 'ನೋಡು, ಬಗ್ಗಿದ್ದಕ್ಕೇ ನೋವು' ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಮುಂದಿನ ಸಲ ಬಗ್ಗುವುದೇ ಇಲ್ಲ. ಬಳಸದ ಮೈ ಸೊರಗುತ್ತದೆ. ಆಮೇಲೆ ಮೆಟ್ಟಿಲೂ ಭಾರ. ವ್ಲಾಯೆನ್ ಮತ್ತು ಲಿಂಟನ್ ಎಂಬ ಸಂಶೋಧಕರು 2000ದಲ್ಲಿ ವಿವರಿಸಿದ ಸುತ್ತು ಇದೇ.

ಸ್ಕ್ಯಾನ್ ವರದಿ ನೋಡಿ ಹೆದರಬೇಡಿ. ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ 2015ರ ಒಂದು ವಿಮರ್ಶೆಯಲ್ಲಿ, 20ರ ಹರೆಯದವರಲ್ಲೇ ಶೇ. 37 ಮಂದಿಗೆ ಡಿಸ್ಕ್ ಸವೆತ ಇತ್ತು. 80ರಲ್ಲಿ ಶೇ. 96. ತಲೆಗೂದಲು ನರೆಯುವ ಹಾಗೆ ಅದು. ಆದರೆ 'ಸವೆದಿದೆ' ಅನ್ನುವ ಆ ಒಂದು ಪದ ಎಷ್ಟು ಜನರನ್ನು ಹಾಸಿಗೆ ಹಿಡಿಸಿದೆಯೋ!

ಗುಂಪಿನ ಮತ್ತೊಬ್ಬ ಸದಸ್ಯರು: ಅಂದರೆ ನೋವು ಬರೀ ಭ್ರಮೆ ಅಂತೀರಾ? ನನಗೆ ರಾತ್ರಿ ನಿದ್ದೆ ಬರಲ್ಲ.

ಫಿಸಿಯೋಥೆರಪಿಸ್ಟ್: ಖಂಡಿತ ಅಲ್ಲ. ನೋವು ನಿಜವೇ. ಆದರೆ ಮೂರು ತಿಂಗಳು ದಾಟಿದ ನೋವಿನಲ್ಲಿ 'ನೋಯುತ್ತಿದೆ' ಅಂದರೆ 'ಒಳಗೆ ಹಾಳಾಗುತ್ತಿದೆ' ಎಂದೇ ಅರ್ಥವಲ್ಲ. ನರಗಳು ಸೂಕ್ಷ್ಮವಾಗಿರುತ್ತವೆ, ಸಣ್ಣದಕ್ಕೂ ಜಾಸ್ತಿ ಕೂಗುತ್ತವೆ. ನಿದ್ದೆಗೆಟ್ಟರೆ ಇನ್ನೂ ಜಾಸ್ತಿ.

ಪ್ರಶ್ನೆ ಕೇಳಿದವರು: ಹಾಗಾದರೆ ಎಲ್ಲಿಂದ ಶುರು ಮಾಡಲಿ?

ಫಿಸಿಯೋಥೆರಪಿಸ್ಟ್: ಹೆದರಿಕೆಯ ಕೆಲಸಗಳನ್ನು ಬರೆದಿಡಿ. ಕಡಿಮೆ ಭಯದ್ದು ಮೊದಲು. ಪೆನ್ ಅಂತಿಟ್ಟುಕೊಳ್ಳಿ. ಎತ್ತುವ ಮೊದಲು ಏನಾಗಬಹುದು ಅನ್ನಿಸುತ್ತದೆ, ಅದನ್ನು ಬಾಯಿಬಿಟ್ಟು ಹೇಳಿ. ಸೊಂಟಕ್ಕೆ ಬೆಲ್ಟ್ ಬೇಡ, ಆಸರೆ ಬೇಡ, ಉಸಿರು ಬಿಡುತ್ತಾ ಬಗ್ಗಿ. ಎದ್ದ ಮೇಲೆ ನೋಡಿ, ಹೇಳಿದ್ದು ಆಯಿತಾ? ಈ ಕೊನೆಯ ಪ್ರಶ್ನೆಯೇ ಔಷಧಿ, ಸುಮ್ನೆ ವ್ಯಾಯಾಮ ಮಾಡಿದರೆ ಇದು ಸಿಗುವುದಿಲ್ಲ. ದಿನಕ್ಕೆ ಐದು ಸಲ ಅಂದರೆ ಐದೇ. ಚೆನ್ನಾಗಿದೆ ಅಂತ ಐವತ್ತು ಬೇಡ, ನೋವಿದೆ ಅಂತ ಸೊನ್ನೆಯೂ ಬೇಡ. ಮಾರನೇ ದಿನ ಸ್ವಲ್ಪ ಮೈಕೈ ನೋವು ಸಹಜ.

ಕಾಲಿನ ಶಕ್ತಿ ಕುಂದಿದರೆ, ಮೂತ್ರ-ಮಲದ ಹಿಡಿತ ತಪ್ಪಿದರೆ, ತೊಡೆಸಂಧಿ ಮರಗಟ್ಟಿದರೆ ಇದ್ಯಾವುದೂ ಅನ್ವಯಿಸಲ್ಲ. ತಕ್ಷಣ ಆಸ್ಪತ್ರೆಗೆ ಹೋಗಿ.

ಪ್ರಶ್ನೆ ಕೇಳಿದವರು: ಪೆನ್ ಎತ್ತಿದೆ ಮೇಡಂ. ಏನೂ ಕಳಚಲಿಲ್ಲ. ಉಸಿರು ಮಾತ್ರ ಹಿಡಿದೇ ಇದ್ದೆ.

ಫಿಸಿಯೋಥೆರಪಿಸ್ಟ್: ಇನ್ನು ನಾಲ್ಕು ಸಲ ಬಾಕಿ ಇದೆಯಲ್ಲ, ಆಗ ಉಸಿರು ಬಿಡಿ.