ಸೆಷನ್ ಮೆಮೊರಿ ಮತ್ತು ಗಾರ್ಬೇಜ್ ಕಲೆಕ್ಷನ್: ಸರ್ವರ್ ಎಂಜಿನಿಯರ್ ಅವರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಕಾಲೇಜು ತಾಣದ ನಿರ್ವಾಹಕಿ): ಜಾವಾ ವೆಬ್ ಅಪ್ಲಿಕೇಶನ್ ನಡೆಸುವ ನಮ್ಮ ಟಾಮ್‌ಕ್ಯಾಟ್ ಸರ್ವರನ್ನು ಮಧ್ಯಾಹ್ನ ಆರಂಭಿಸಿದರೆ, ರಾತ್ರಿ ಯಾರೂ ಲಾಗಿನ್ ಆಗದಿದ್ದರೂ, ಮರುದಿನ ಬೆಳಿಗ್ಗೆ 2 ಜಿಬಿ ಹೀಪ್ (ಅಪ್ಲಿಕೇಶನ್ ತನ್ನ ಮಾಹಿತಿಯನ್ನು ಇಡುವ ಮೆಮೊರಿ) ತುಂಬಿ ನಿಂತುಹೋಗುತ್ತದೆ. ಸೆಷನ್ (ಪ್ರತಿ ಬಳಕೆದಾರರ ಬಗ್ಗೆ ಸರ್ವರ್ ನೆನಪಿಟ್ಟುಕೊಳ್ಳುವ ಮಾಹಿತಿ) ಅವಧಿ 24 ಗಂಟೆ. ಪ್ರತಿ ಸೆಷನ್ನಿನಲ್ಲೂ ಜಿಲ್ಲೆ-ತಾಲ್ಲೂಕು ಪಟ್ಟಿಯ 300 ಕೆಬಿ ಪ್ರತಿ ಇರುತ್ತದೆ. ಸರ್ವರ್ ನಡೆಯುತ್ತಿದೆಯೇ ಎಂದು ತಿಳಿಯಲು ಒಂದು ಸಾಧನ 10 ಸೆಕೆಂಡಿಗೊಮ್ಮೆ ಲಾಗಿನ್ ಪುಟವನ್ನು ತೆರೆದು ನೋಡುತ್ತದೆ.

ಉತ್ತರ: ನಿಮ್ಮ ಕೊನೆಯ ವಾಕ್ಯದಲ್ಲೇ ಕಾರಣವಿರುವಂತಿದೆ. ಆ ಸಾಧನ ಕುಕಿಯನ್ನು (ಸೆಷನ್ ಗುರುತಿಸಲು ಸರ್ವರ್ ಕೊಡುವ ಚೀಟಿ) ಮರಳಿಸದಿದ್ದರೆ, ಜೆಎಸ್‌ಪಿ ಪುಟವು (ಟಾಮ್‌ಕ್ಯಾಟ್ ಸಿದ್ಧಪಡಿಸುವ ವೆಬ್ ಪುಟ) ಬೇಡವೆಂದು ಹೇಳದ ಹೊರತು ತಾನಾಗಿಯೇ ಸೆಷನ್ ತೆರೆಯುವುದರಿಂದ, ಪ್ರತಿ ಭೇಟಿಗೂ ಹೊಸ ಸೆಷನ್ ಹುಟ್ಟುತ್ತದೆ. ದಿನಕ್ಕೆ 8,640 ಸೆಷನ್ನುಗಳೆಂದರೆ ಸುಮಾರು 2.5 ಜಿಬಿ, ನಿಮ್ಮ ಹೀಪ್ ಹತ್ತೊಂಬತ್ತು ಗಂಟೆಯಲ್ಲೇ ತುಂಬುತ್ತದೆ. ಇದರಲ್ಲಿ, ಬಳಕೆಯಲ್ಲಿಲ್ಲದ ಮೆಮೊರಿಯನ್ನು ತಾನಾಗಿಯೇ ತೆರವುಗೊಳಿಸುವ ಗಾರ್ಬೇಜ್ ಕಲೆಕ್ಟರಿನ ತಪ್ಪಿಲ್ಲ. ಅವಧಿ ಮುಗಿಯುವವರೆಗೆ ಸೆಷನ್ ಮ್ಯಾನೇಜರ್ ಅವೆಲ್ಲವನ್ನೂ ಹಿಡಿದಿಟ್ಟುಕೊಂಡಿರುತ್ತದೆ; ಯಾರಾದರೂ ಹಿಡಿದಿರುವ ವಸ್ತುವನ್ನು ಕಲೆಕ್ಟರ್ ಕಸವೆಂದು ಪರಿಗಣಿಸುವುದಿಲ್ಲ. ಮೊದಲು ಹೀಪ್ ಡಂಪ್ (ಹೀಪಿನಲ್ಲಿರುವುದರ ನಕಲು ಕಡತ) ತೆಗೆದು ಸೆಷನ್ನುಗಳನ್ನು ಎಣಿಸಿ. ಬಳಿಕ ಆ ಸಾಧನಕ್ಕೆ ಸೆಷನ್ ತೆರೆಯದ ಪುಟವೊಂದನ್ನು ಕೊಡಿ, ಪಟ್ಟಿಯ ಒಂದೇ ಪ್ರತಿಯನ್ನು ಇಡೀ ಅಪ್ಲಿಕೇಶನ್ನಿಗೆ ಇಡಿ, ಅವಧಿಯನ್ನು 30 ನಿಮಿಷಕ್ಕೆ ಇಳಿಸಿ.

ಸದಸ್ಯ 1: ಫಾರ್ವರ್ಡ್ ಆಗಿ ಬಂದ ಸಲಹೆ: ಐದು ನಿಮಿಷಕ್ಕೊಮ್ಮೆ ಸಿಸ್ಟಮ್.ಜಿಸಿ (ಗಾರ್ಬೇಜ್ ಕಲೆಕ್ಷನ್ ನಡೆಸಲು ಹೇಳುವ ಜಾವಾ ಕರೆ) ಕರೆದರೆ ಮೆಮೊರಿ ಖಾಲಿಯಾಗುತ್ತದೆ.

ಉತ್ತರ: ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ಅದು ಜೆವಿಎಮ್‌ಗೆ (ಜಾವಾ ಪ್ರೋಗ್ರಾಮುಗಳನ್ನು ನಡೆಸುವ ತಂತ್ರಾಂಶಕ್ಕೆ) ಸಲ್ಲಿಸುವ ಕೋರಿಕೆ ಮಾತ್ರ. ಕೋರಿಕೆ ನಡೆದರೂ ಈ ಸೆಷನ್ನುಗಳಲ್ಲಿ ಒಂದೂ ಬಿಡುಗಡೆಯಾಗುವುದಿಲ್ಲ, ಬಳಕೆದಾರರು ಮಾತ್ರ ಕಾಯಬೇಕಾಗುತ್ತದೆ. ಇದೇ ಸಂದೇಶ ಇಲ್ಲಿಗೆ ಬರುತ್ತಿರುವುದು ಮೂರನೆಯ ಸಲ.

ಸದಸ್ಯ 2: ಉಬುಂಟುವಿನ ಪಿಎಚ್‌ಪಿ ತಾಣದ ಕೋಡಿನಲ್ಲಿ ಸೆಷನ್ ಅವಧಿಯನ್ನು ಎಂಟು ಗಂಟೆಗೆ ಏರಿಸಿದ್ದರೂ, ಸ್ವಲ್ಪ ಹೊತ್ತು ಸುಮ್ಮನಿದ್ದವರು ಲಾಗೌಟ್ ಆಗುತ್ತಿದ್ದಾರೆ.

ಉತ್ತರ: ಅಲ್ಲಿ ಹಳೆಯ ಸೆಷನ್ ಕಡತಗಳನ್ನು ಅಳಿಸುವುದು ಸಿಸ್ಟಮ್ಮಿನ ನಿಗದಿತ ಕೆಲಸ. ಅದು ನಿಮ್ಮ ಕೋಡನ್ನು ಓದುವುದಿಲ್ಲ, ಸಂರಚನಾ ಕಡತದ 1440 ಸೆಕೆಂಡುಗಳನ್ನೇ (24 ನಿಮಿಷ) ಓದುತ್ತದೆ. ಅಲ್ಲಿ ಬದಲಿಸಿ.

ಸದಸ್ಯ 3: ನಮ್ಮ ಪಿಎಚ್‌ಪಿ ತಾಣದಲ್ಲೂ ಇದೇ ತೊಂದರೆ, ಏನು ಮಾಡಬೇಕು?

ಉತ್ತರ: ಮೇಲೆ ಓದಿ.

ಸದಸ್ಯ 4: ಎಕ್ಸ್‌ಪ್ರೆಸ್ಸಿನ (ನೋಡ್.ಜೆಎಸ್ ವೆಬ್ ಚೌಕಟ್ಟು), ಸೆಷನ್ನುಗಳನ್ನು ಮೆಮೊರಿಯಲ್ಲೇ ಇಡುವ ಮೆಮೊರಿ ಸ್ಟೋರನ್ನು ನಿಜವಾದ ತಾಣದಲ್ಲಿ ಬಳಸಬಹುದೇ?

ಸದಸ್ಯ 1: ಆ ಸಿಸ್ಟಮ್.ಜಿಸಿ ಸಲಹೆಯಿಂದ ನಮ್ಮ ಸರ್ವರ್ ಸರಿಹೋಗಿದೆ. ಜತೆಗೆ ದಿನವೂ ರೀಸ್ಟಾರ್ಟ್ ಮಾಡುತ್ತೇವೆ.

ಸದಸ್ಯ 5: ಹಾಗಾದರೆ ಸರಿಮಾಡಿದ್ದು ಸಿಸ್ಟಮ್.ಜಿಸಿ ಎಂದು ಯಾವ ಆಧಾರದಿಂದ ಹೇಳುತ್ತೀರಿ?

ಸದಸ್ಯ 1: ನಡೆಯುತ್ತಿರುವ ಸರ್ವರಿಗಿಂತ ಬೇರೆ ಆಧಾರ ಬೇಕೇ? ನೀವು ಎಷ್ಟು ಸರ್ವರ್ ನಡೆಸಿದ್ದೀರಿ?

ಸದಸ್ಯ 5: ಕೇಳಿದ್ದಕ್ಕೆ ಉತ್ತರಿಸಿ, ನನ್ನ ವಿಚಾರ ಬಿಡಿ.

ನಿರ್ವಾಹಕಿ: ಡಂಪ್ ತೆಗೆದಿದ್ದೇನೆ. ಇಲ್ಲಿ ಹಂಚಲೇ?

ಉತ್ತರ: ಖಂಡಿತ ಬೇಡ. ಅದರಲ್ಲಿ ವಿದ್ಯಾರ್ಥಿಗಳ ಸೆಷನ್ ಗುರುತುಗಳೂ ಪಾಸ್‌ವರ್ಡುಗಳೂ ಇರಬಹುದು. ಎಷ್ಟು ಸೆಷನ್ನುಗಳಿವೆ ಎಂಬ ಸಂಖ್ಯೆಯನ್ನಷ್ಟೇ ಬರೆಯಿರಿ.