ಸಹಾಯ ಬೇಕು: ಮೂಳೆ ಟೊಳ್ಳಾಗಿರುವ ಅಮ್ಮನಿಗೆ ವ್ಯಾಯಾಮ ಹೇಳಿಕೊಡುವವರು

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 66 ವರ್ಷ, ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಹಳ್ಳಿಯಲ್ಲಿದ್ದಾರೆ. ಮಳೆಗಾಲದಲ್ಲಿ ಅಂಗಳದ ಪಾಚಿ ಮೇಲೆ ಜಾರಿ ಕೈ ಊರಿದ್ದಷ್ಟೇ, ಮಣಿಕಟ್ಟು ಮುರಿಯಿತು. ಊದಿದ ಕೈಯಿಂದ ಬಳೆ ಬಾರದೆ ಕತ್ತರಿಸಿ ತೆಗೆದೆವು. ಆಮೇಲೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದಾಗ ಬೆನ್ನುಮೂಳೆಯ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡುವ ಅಂಕ) ಮೈನಸ್ 3.1 ಬಂತು. ಮೈನಸ್ 2.5ಕ್ಕೆ ಇಳಿದರೇ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ ಅನ್ನುತ್ತಾರೆ.

ಮಾತ್ರೆ, ಕ್ಯಾಲ್ಸಿಯಂ, ವಿಟಮಿನ್ ಡಿ ನಡೀತಿದೆ. ವ್ಯಾಯಾಮದ ವಿಷಯಕ್ಕೆ ಮಾತ್ರ ಡಾಕ್ಟರು ‘ವಾಕಿಂಗ್ ಮಾಡಿ’ ಅಂದು ಕಳಿಸಿದರು. ಅದೊಂದೇ ಸಾಲದು. ಮೂಳೆ ಗಟ್ಟಿಯಾಗಬೇಕಾದರೆ ಅದರ ಮೇಲೆ ಭಾರ ಬೀಳಬೇಕು, ಸ್ನಾಯು ಎಳೆಯಬೇಕು. ಆಸ್ಟ್ರೇಲಿಯಾದಲ್ಲಿ ನಡೆದ ಲಿಫ್ಟ್‌ಮೋರ್ ಅಧ್ಯಯನದಲ್ಲಿ ಅಮ್ಮನಂಥ ಹೆಂಗಸರು 8 ತಿಂಗಳು, ವಾರಕ್ಕೆ 2 ದಿನ ಅರ್ಧ ಗಂಟೆ ಭಾರ ಎತ್ತಿ ಬೆನ್ನುಮೂಳೆಯ ಸಾಂದ್ರತೆ ಹೆಚ್ಚಿಸಿಕೊಂಡರು. ಆದರೆ ಅದೆಲ್ಲ ತರಬೇತುದಾರರ ಕಣ್ಣೆದುರಿಗೆ. ವಿಡಿಯೋ ನೋಡಿ ಮಾಡಿಸಲು ನನಗೆ ಧೈರ್ಯವಿಲ್ಲ.

ಸದ್ಯ ಅಡುಗೆಕಟ್ಟೆ ಹಿಡಿದು ತುದಿಗಾಲಲ್ಲಿ ನಿಲ್ಲುತ್ತಾರೆ, ಕೈ ಊರದೆ ಕುರ್ಚಿಯಿಂದ 10 ಸಲ ಏಳುತ್ತಾರೆ. ಏಳನೆಯದಕ್ಕೇ ಮೊಣಕಾಲು ನಡುಗುತ್ತದೆ, ಆದರೂ ಎಣಿಕೆ ಬಿಡುವುದಿಲ್ಲ. ಪಕ್ಕದ ಮನೆಯವರು ಯೋಗಕ್ಕೆ ಕರೆದರು. ಪಶ್ಚಿಮೋತ್ತಾನಾಸನದಂತೆ ಮುಂದಕ್ಕೆ ಬೆನ್ನು ಬಾಗಿಸಿದರೆ ಟೊಳ್ಳು ಮೂಳೆ ಕುಸಿಯುವ ಅಪಾಯವಿದೆ, ಅದಕ್ಕೇ ಬೇಡ ಅಂದೆ.

ಸಾಗರ ಅಥವಾ ಶಿವಮೊಗ್ಗದಲ್ಲಿ ಇಂಥವರಿಗೆ ಭಾರದ ವ್ಯಾಯಾಮ, ಬ್ಯಾಲೆನ್ಸ್ ಎರಡನ್ನೂ ಕಲಿಸುವ ಫಿಸಿಯೋಥೆರಪಿಸ್ಟ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಹೆಂಗಸರಾದರೆ ಅಮ್ಮನಿಗೆ ಸಂಕೋಚವಿರುವುದಿಲ್ಲ. ನಿಮ್ಮ ಮನೆಯಲ್ಲಿ ಯಾರಿಗಾದರೂ ಮಾಡಿಸಿದ್ದರೆ ಎಷ್ಟು ಕಿಲೋದಿಂದ ಶುರು ಮಾಡಿದಿರಿ ಅಂತಲೂ ಹೇಳಿ.